ಸಣ್ಣ ದೀಪ

ಕುದುರೆಯ ಸಾರೋಟುಗಳ ಕಾಲದಲ್ಲಿ, ಗೊರಸಿನಿಂದ ಸಿಡಿಯುವ ಕೆಸರು ಒಳಗೆ ಕುಳಿತವರ ಮೈಮೇಲೆ ಬೀಳದಿರಲೆಂದು ಗಾಡಿಯ ಮುಂದುಗಡೆ ಒಂದು ಹಲಗೆಯನ್ನು ಅಡ್ಡಲಾಗಿ ನಿಲ್ಲಿಸುತ್ತಿದ್ದರು. ಆಂಗ್ಲರು ಅದನ್ನು ಡ್ಯಾಷ್‌ಬೋರ್ಡೆಂದು ಕರೆದರು. ಕಾಲಕ್ರಮದಲ್ಲಿ ಕುದುರೆ ಹೋಯಿತು. ಕೆಸರನ್ನು ತಡೆಯುವ ಕೆಲಸವೂ ಹೋಯಿತು. ಹಲಗೆ ಮಾತ್ರ ತನ್ನ ಹೆಸರಿನೊಡನೆ ಮೋಟಾರು ಗಾಡಿಯನ್ನು ಸೇರಿ, ಸುದ್ದಿ ಹೇಳುವ ಕೆಲಸಕ್ಕೆ ನಿಂತಿತು. ಓಟದ ವೇಗವೆಷ್ಟು, ಪೆಟ್ರೋಲು ಎಷ್ಟು ಉಳಿದಿದೆ, ಎಂಜಿನು ಎಷ್ಟು ಕಾದಿದೆ ಎಂಬುದನ್ನು ತಿಳಿಸುವ ಮುಳ್ಳುಗಳು, ರಾತ್ರಿಯ ಹೊತ್ತು ಆ ಮುಳ್ಳುಗಳನ್ನು ಕಾಣಿಸುವ ಸಣ್ಣ ದೀಪಗಳು, ಅವುಗಳ ನೆರೆಯಲ್ಲಿ ರೇಡಿಯೋ, ಬೀಸಣಿಗೆ, ಗಡಿಯಾರ, ಮೊಬೈಲಿಗೆ ಚಾರ್ಜು ತುಂಬುವ ರಂಧ್ರ, ಹೀಗೆ ಒಂದು ಸಣ್ಣ ಸಂಸಾರವೇ ಆ ಹಲಗೆಯಲ್ಲಿ ನೆಲಸಿದೆ. ಕಾರಿನ ಒಡೆಯರು ಎಂಜಿನಿಗೆ ಅಂಜುತ್ತಾರೆ, ಬ್ರೇಕಿಗೆ ಗೌರವ ಕೊಡುತ್ತಾರೆ, ಟೈರನ್ನು ಬಗ್ಗಿ ನೋಡುತ್ತಾರೆ. ಹಲಗೆಯ ಸಂಸಾರವನ್ನು ಮಾತ್ರ ಅಲಂಕಾರವೆಂದು ಎಣಿಸುತ್ತಾರೆ. ಅಲಂಕಾರ ಕೆಟ್ಟರೆ ಪ್ರಯಾಣ ನಿಲ್ಲುವುದಿಲ್ಲವಷ್ಟೆ. ತಳಕಿನ ವಿಶ್ರಾಂತ ಉಪಾಧ್ಯಾಯರೊಬ್ಬರು ಬಹುಕಾಲ ಹೀಗೆಯೇ ಎಣಿಸಿದ್ದರು. ಆ ಎಣಿಕೆಯ ಬೆಲೆ ಎಷ್ಟಾಗಬಹುದಾಗಿದ್ದಿತೆಂಬುದು ಅವರಿಗೆ ಒಂದು ರಾತ್ರಿ ತಿಳಿಯಿತು.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ತಳಕು ಇದೆ. ತಳುಕೆಂದು ಬರೆಯುವವರೂ ಉಂಟು. ತ. ಸು. ವೆಂಕಣ್ಣಯ್ಯನವರ ಹೆಸರಿನ ಮೊದಲಕ್ಷರವೂ ತ. ರಾ. ಸುಬ್ಬರಾಯರ ಹೆಸರಿನ ಮೊದಲಕ್ಷರವೂ ಈ ಊರೇ ಆದುದರಿಂದ, ಊರನ್ನು ಕಣ್ಣಾರೆ ಕಾಣದ ಕನ್ನಡಿಗರೂ ಅದರ ಒಂದಕ್ಷರವನ್ನು ಬಲ್ಲರು. ಮಳೆ ಕಡಮೆಯಾದ ಸೀಮೆ. ಬಿದ್ದಷ್ಟು ಮಳೆಯಲ್ಲಿ ಶೇಂಗಾ ಬೆಳೆದು, ಚಳ್ಳಕೆರೆಯ ಎಣ್ಣೆಯ ಗಿರಣಿಗಳಿಗೆ ಹೊರಿಸಿ, ಉಳಿದ ತಿಂಗಳುಗಳಲ್ಲಿ ಮುಗಿಲನ್ನು ನೋಡುವುದು ಇಲ್ಲಿಯ ಒಕ್ಕಲಿನ ಕ್ರಮ. ಬೇಸಗೆಯಲ್ಲಿ ಕೆಮ್ಮಣ್ಣಿನ ದೂಳು ಬಾಗಿಲ ಸಂದಿನಲ್ಲಿ, ಹೊತ್ತಗೆಯ ಹಾಳೆಗಳ ನಡುವೆ, ಕಾರಿನ ಹಲಗೆಯ ಹಿಂದೆ, ಎಲ್ಲಿ ಗಾಳಿ ಹೊಗಬಲ್ಲುದೋ ಅಲ್ಲೆಲ್ಲ ಹೋಗಿ ಕುಳಿತುಕೊಳ್ಳುತ್ತದೆ.

ಉಪಾಧ್ಯಾಯರು ಸುತ್ತಣ ಹಳ್ಳಿಗಳ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕು ವಿಜ್ಞಾನವನ್ನು ಬೋಧಿಸಿದವರು. ನಿವೃತ್ತರಾಗುವ ಮುಂಚೆ ಕೊಂಡ ಒಂದು ಸಣ್ಣ ಕಾರು ಅವರಲ್ಲಿದ್ದಿತು. ಮೊದಮೊದಲು ಅದು ಮದುವೆ ಮುಂಜಿಗಳಿಗೂ ನಾಯಕನಹಟ್ಟಿಯ ಜಾತ್ರೆಗೂ ಹೋಗಿಬರುವ ವಾಹನವಾಗಿದ್ದಿತು. ಪತ್ನಿಯ ಮೂತ್ರಪಿಂಡಗಳು ಸೋತ ಮೇಲೆ ಅದರ ಕೆಲಸ ಬೇರೆಯಾಯಿತು. ವಾರಕ್ಕೆ ಎರಡು ಬಾರಿ ಆಕೆಯನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ನಾಲ್ಕು ಗಂಟೆಗಳ ಕಾಲ ಆಕೆಯ ರಕ್ತವು ಒಂದು ನಳಿಗೆಯಿಂದ ಯಂತ್ರಕ್ಕೆ ಹೋಗಿ, ಶುದ್ಧಿಯಾಗಿ, ಇನ್ನೊಂದು ನಳಿಗೆಯಿಂದ ಮೈಗೆ ಮರಳಬೇಕು. ಆ ಬಳಿಕ ಬಳಲಿದ ಜೀವವನ್ನು ಹಿಂದಿನ ಆಸನದಲ್ಲಿ ಒರಗಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಹೊರಟು, ಗುಡ್ಡದ ಮೇಲಣ ಗಾಳಿಯಂತ್ರಗಳನ್ನು ಹಿಂದೆ ಬಿಟ್ಟು, ಚಳ್ಳಕೆರೆಯನ್ನು ಹಾದು, ರಾತ್ರಿ ಮನೆ ಸೇರಬೇಕು.

ಆ ಮರುಪ್ರಯಾಣದಲ್ಲಿ ಆಕೆಗೆ ಬೇಕಾಗಿದ್ದುದು ಎರಡೇ. ಒಂದು, ಮುಖಕ್ಕೆ ಬೀಸಣಿಗೆಯ ಗಾಳಿ. ಇನ್ನೊಂದು, ಚಿತ್ರದುರ್ಗ ಆಕಾಶವಾಣಿಯ ಹಾಡು. ನೀರನ್ನು ಕೂಡ ಲೋಟದ ಅಳತೆಯಲ್ಲಿ ಕುಡಿಯಬೇಕಾದವರಿಗೆ ಅಳತೆಯಿಲ್ಲದೆ ದೊರೆಯುವ ವಸ್ತುಗಳು ಬಹಳವಿರುವುದಿಲ್ಲ. ಹಾಡು ಅಂಥ ಒಂದು ವಸ್ತು. ಹಾಡು ಕೇಳುತ್ತಿರುವಷ್ಟು ಹೊತ್ತು ಆಕೆ ನಡುನಡುವೆ ಮಾತನಾಡುತ್ತಿದ್ದರು. ಕೇಳಿಸದಿದ್ದರೆ ಕಣ್ಣು ಮುಚ್ಚಿ ಸುಮ್ಮನಾಗುತ್ತಿದ್ದರು. ಈ ಎರಡು ಬಗೆಯ ಪ್ರಯಾಣಗಳ ಭೇದವನ್ನು ಉಪಾಧ್ಯಾಯರು ಬಾಯಿ ಬಿಟ್ಟು ಹೇಳಿದವರಲ್ಲ.

ಒಂದು ಬೇಸಗೆಯ ಮೊದಲಲ್ಲಿ ರೇಡಿಯೋ ವಿಚಿತ್ರವಾಗಿ ವರ್ತಿಸತೊಡಗಿತು. ಬೀಸಣಿಗೆಯನ್ನು ಜೋರು ಮಾಡಿದೊಡನೆ ಹಾಡು ನಿಲ್ಲುವುದು. ಬೀಸಣಿಗೆಯನ್ನು ಆರಿಸಿದರೆ ಏನೂ ಆಗದಂತೆ ಮತ್ತೆ ಹಾಡುವುದು. ಅದೇ ಹೊತ್ತಿಗೆ ಪೆಟ್ರೋಲಿನ ಮುಳ್ಳು ಅರ್ಧದಿಂದ ಮುಕ್ಕಾಲಿಗೆ ತಾನಾಗಿಯೇ ಸರಿಯುವುದು. ಪೆಟ್ರೋಲು ಹಾಕಿಸದೆ ಪೆಟ್ರೋಲು ಹೆಚ್ಚಿದುದನ್ನು ಕಂಡು ಉಪಾಧ್ಯಾಯರು ನಕ್ಕರು. "ಗಾಳಿ ಬೇಕೋ, ಹಾಡು ಬೇಕೋ?" ಎಂದು ಪತ್ನಿಯನ್ನು ಕೇಳುವುದು ಕೆಲವು ದಿನ ವಿನೋದವಾಗಿದ್ದಿತು. ಬಿಸಿಲು ಏರಿದಂತೆ ಆಕೆ ಗಾಳಿಯನ್ನೇ ಆರಿಸಿಕೊಳ್ಳಬೇಕಾಯಿತು, ವಿನೋದ ಮುಗಿಯಿತು.

ಯಾವುದು ಮಾತನಾಡುವುದಿಲ್ಲವೋ ಅದೇ ಕೆಟ್ಟಿದೆ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ತರ್ಕ. ರೇಡಿಯೋ ನಿಂತಿತು, ಆದುದರಿಂದ ರೇಡಿಯೋ ಕೆಟ್ಟಿದೆ. ಉಪಾಧ್ಯಾಯರು ಒಂದು ಪೇಟೆಯ ಅಂಗಡಿಯಲ್ಲಿ ಹೊಸ ರೇಡಿಯೋ ಕೊಂಡರು. ಅಂಗಡಿಯ ಹುಡುಗನು ಅರ್ಧ ಗಂಟೆಯೊಳಗೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದನು. ಹಲಗೆಯ ಇತರ ದೀಪಗಳೊಡನೆ ರಾತ್ರಿ ತನ್ನ ಮುಖವೂ ಬೆಳಗಲೆಂದು ಹೊಸ ರೇಡಿಯೋದಲ್ಲಿ ಒಂದು ತಂತಿಯಿದ್ದಿತು. ಹುಡುಗನು ಹಲಗೆಯ ದೀಪದ ತಂತಿಯ ಹೊದಿಕೆಯನ್ನು ಸುಲಿದು, ಇದನ್ನು ಅದಕ್ಕೆ ಹೊಸೆದು, ಮೇಲೆ ಒಂದು ಸುತ್ತು ಟೇಪು ಸುತ್ತಿದನು. ರೇಡಿಯೋದ ಮುಖವು ನೀಲಿಯಾಗಿ ಬೆಳಗಿತು. ಬೀಸಣಿಗೆ ತಿರುಗಿಸಿದಾಗ ಅದೂ ಸುಮ್ಮನಾಯಿತು. "ಕಾರು ಹಳೇದು ಸಾರ್" ಎಂದು ಹುಡುಗನು ಸಮಾಧಾನ ಹೇಳಿ ಹಣವನ್ನು ಎಣಿಸಿಕೊಂಡನು.

ಎರಡು ವಾರಗಳಾದ ಮೇಲೆ ಒಂದು ಸಂಜೆ ಹಲಗೆಯ ದೀಪಗಳೆಲ್ಲ ಒಮ್ಮೆಗೇ ಆರಿದವು. ವೇಗದ ಮುಳ್ಳು ಕಾಣದು, ಪೆಟ್ರೋಲಿನ ಮುಳ್ಳು ಕಾಣದು. ಮುಂದಿನ ದೊಡ್ಡ ದೀಪಗಳು ಎಂದಿನಂತೆ ರಸ್ತೆಯನ್ನು ಬೆಳಗುತ್ತಿದ್ದವು. ಉಪಾಧ್ಯಾಯರು ಮೂವತ್ತು ವರ್ಷ ಓಡಾಡಿದ ದಾರಿ ಅದು. ದಾರಿ ಕಂಡರೆ ಸಾಕು, ಅಂಕಿಗಳು ಕಾಣದಿದ್ದರೆ ನಷ್ಟವೇನು ಎಂದುಕೊಂಡರು. ಹೀಗೆ ಒಂದು ವಾರ ಕಳೆಯಿತು. ಅಂದರೆ, ಎರಡು ಮರುಪ್ರಯಾಣಗಳು ಕಳೆದವು.

ಮೂರನೆಯ ಮರುಪ್ರಯಾಣದಲ್ಲಿ, ಚಳ್ಳಕೆರೆಯನ್ನು ದಾಟಿ ಕತ್ತಲೆಯ ಬಯಲಿಗೆ ಬಂದಾಗ, ಹಿಂದೆ ಒಂದು ಲಾರಿ ಸಂಕಟಪಟ್ಟಂತೆ ಕೂಗಿಕೊಂಡಿತು. ಟೈರುಗಳು ಉಜ್ಜಿದ ಸದ್ದಾಯಿತು. ಕಾರಿನ ಬಲಮಗ್ಗುಲಿಗೆ ಒಂದು ದೊಡ್ಡ ಗೋಡೆ ಸರಿದು ಹೋದಂತಾಯಿತು. ಮುಂದೆ ಹೋಗಿ ನಿಂತ ಲಾರಿಯಿಂದ ಚಾಲಕನು ಇಳಿದು ಬಂದನು. ಬೈಯಲು ಬಂದವನು ಹಿಂದಿನ ಆಸನದಲ್ಲಿ ಮಲಗಿದ್ದವರನ್ನು ಕಂಡು ಧ್ವನಿಯನ್ನು ತಗ್ಗಿಸಿದನು.

"ಯಜಮಾನ್ರೇ, ಹಿಂದೆ ಒಂದು ದೀಪನೂ ಇಲ್ಲ. ಅಮ್ಮನ್ನ ಮಲಗಿಸ್ಕೊಂಡು ಹಿಂಗೆ ಬರಾದಾ?"

ಉಪಾಧ್ಯಾಯರು ಇಳಿದು ಹಿಂದಕ್ಕೆ ಹೋಗಿ ನೋಡಿದರು. ಕಾರಿನ ಬೆನ್ನು ಕತ್ತಲೆಯಲ್ಲಿ ಕತ್ತಲೆಯಾಗಿದ್ದಿತು. ಹಲಗೆಯ ಸಣ್ಣ ದೀಪಗಳಿಗೂ ಹಿಂದಿನ ಕೆಂಪು ದೀಪಗಳಿಗೂ ಅನೇಕ ಕಾರುಗಳಲ್ಲಿ ಒಂದೇ ಫ್ಯೂಸು. ಬ್ರೇಕಿನ ದೀಪದ ದಾರಿ ಬೇರೆ. ಆದುದರಿಂದ ಊರೊಳಗೆ ಕಾಲಿಟ್ಟು ನಿಲ್ಲಿಸುವಾಗಲೆಲ್ಲ ಹಿಂದೆ ಕೆಂಪು ಕಾಣುತ್ತಿದ್ದಿತು. ನೋಡಿದವರಾರಿಗೂ ಸಂಶಯ ಬಂದಿರಲಿಲ್ಲ. ಬ್ರೇಕು ಒತ್ತದೆ ಸಮನಾಗಿ ಓಡುವ ಹೆದ್ದಾರಿಯಲ್ಲಿ ಮಾತ್ರ ಕಾರು ಹಿಂದಿನವರ ಪಾಲಿಗೆ ಇಲ್ಲವಾಗುತ್ತಿದ್ದಿತು. ಹಲಗೆಯ ದೀಪ ಆರಿದುದು ಅಂಕಿಗಳನ್ನು ಮರೆಮಾಡುವುದಕ್ಕಲ್ಲ. ಚಾಲಕನು ಕುಳಿತಲ್ಲಿಂದ ಎಂದಿಗೂ ಕಾಣಲಾರದ ಒಂದು ಕತ್ತಲೆಯ ಸುದ್ದಿಯನ್ನು ಅದು ವಾರದಿಂದ ಹೇಳುತ್ತಿದ್ದಿತು.

ಲಾರಿಯ ಕ್ಲೀನರ್ ಹುಡುಗನು ಪರೋಪಕಾರಿ. ಅವನು ಫ್ಯೂಸಿನ ಡಬ್ಬಿಯನ್ನು ತೆರೆದು, ಸುಟ್ಟಿದ್ದ ಕೆಂಪು ಫ್ಯೂಸನ್ನು ಕಿತ್ತು, ಸಿಗರೇಟು ಪೊಟ್ಟಣದ ಬೆಳ್ಳಿಯ ಕಾಗದವನ್ನು ಮಡಿಸಿ ಆ ಜಾಗದಲ್ಲಿ ತುರುಕಿದನು. ದೀಪಗಳು ಹೊತ್ತಿಕೊಂಡವು. ಎಲ್ಲರಿಗೂ ಸಂತೋಷವಾಯಿತು. ಲಾರಿ ಬಳ್ಳಾರಿಯ ಕಡೆಗೆ ಹೊರಟುಹೋಯಿತು. ಮೂರು ನಾಲ್ಕು ಮೈಲಿ ಹೋಗುವಷ್ಟರಲ್ಲಿ, ರಸ್ತೆಯ ಉಬ್ಬೊಂದರ ಮೇಲೆ ಕಾರು ಕುಲುಕಿದಾಗ, ಹಿಂದಿನ ಆಸನದಿಂದ ಪತ್ನಿ ಎದ್ದು ಕುಳಿತರು.

"ರೀ, ಏನೋ ಸುಟ್ಟ ವಾಸನೆ ಬರ್ತಾ ಇದೆ."

ಉಪಾಧ್ಯಾಯರು ಕಾರು ನಿಲ್ಲಿಸಿ ಬೆಳ್ಳಿಯ ಕಾಗದವನ್ನು ಕಿತ್ತೆಸೆದರು. ಬೆರಳು ಚುರುಕ್ಕೆಂದಿತು. ಬಳಿಕ ನಾಲ್ಕು ಮೂಲೆಗಳ ಹಳದಿ ಸಂಜ್ಞಾದೀಪಗಳನ್ನು ಒಟ್ಟಿಗೆ ಮಿನುಗಿಸುತ್ತ, ರಸ್ತೆಯ ಎಡದಂಚನ್ನು ಹಿಡಿದು, ಎತ್ತಿನ ಗಾಡಿಯ ವೇಗದಲ್ಲಿ ಊರು ಮುಟ್ಟಿದರು. ಆ ರಾತ್ರಿ ಅವರು ನಿದ್ರಿಸಲಿಲ್ಲ. ಲಾರಿಯ ಸದ್ದಿಗಿಂತ ಆ ವಾಸನೆಯೇ ಅವರನ್ನು ಹೆಚ್ಚಾಗಿ ಕಾಡಿತು. ಲಾರಿಯಿಂದ ತಪ್ಪಿಸಿದವನು ಇನ್ನೊಬ್ಬನಾಗಿದ್ದನು. ಬೆಂಕಿಯನ್ನು ಒಳಗೆ ಕೂರಿಸಿಕೊಂಡು ಹೊರಟವರು ತಾವೇ ಆಗಿದ್ದರು.

ಹೆದ್ದಾರಿಯ ಪಕ್ಕದಲ್ಲಿ ತಗಡಿನ ಚಪ್ಪರದ ಕೆಳಗೆ, ಟ್ರಾಕ್ಟರುಗಳ ಮತ್ತು ಕೊಳವೆಬಾವಿ ಕೊರೆಯುವ ಲಾರಿಗಳ ವೈರಿಂಗನ್ನು ಸರಿಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಮರುದಿನ ಬೆಳಗ್ಗೆ ಅವರನ್ನು ಕರೆತಂದುದಾಯಿತು. ಪತ್ನಿ ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದರು. ಮೇಸ್ತ್ರಿ ಬಂದವರೇ ಉಪಕರಣಗಳ ಚೀಲವನ್ನು ಬಿಚ್ಚಲಿಲ್ಲ. ವೈದ್ಯನು ನಾಡಿ ಹಿಡಿಯುವ ಮುಂಚೆ ಕೇಳುವಂತೆ ಕೇಳಿದರು.

"ಯಾವಾಗಿಂದ ಮೇಷ್ಟ್ರೇ? ಅದಕ್ಕೆ ಮುಂಚೆ ಏನಾದ್ರೂ ಹೊಸದು ಹಾಕಿಸಿದ್ರಾ?"

ಹೊಸ ರೇಡಿಯೋದ ವಿಷಯ ಹೊರಬಂದಿತು. ಮೇಸ್ತ್ರಿ ತಲೆಯಾಡಿಸಿದರು. ಕೆಟ್ಟುದು ಯಾವಾಗ ಎಂಬುದಕ್ಕಿಂತ, ಕೆಡುವ ಮುಂಚೆ ಯಾರ ಕೈ ಆಡಿತು ಎಂಬುದು ಈ ಕಸಬಿನಲ್ಲಿ ಹೆಚ್ಚು ಉಪಯುಕ್ತವಾದ ಪ್ರಶ್ನೆ.

ಮೊದಲು ಅವರು ಬ್ಯಾಟರಿಯನ್ನು ಮೀಟರಿನಿಂದ ಅಳೆದರು. ಎಂಜಿನು ನಿಂತಿರುವಾಗ 12.6 ವೋಲ್ಟು, ಓಡುವಾಗ 14ರ ಆಚೀಚೆ. ಮೂಲದಲ್ಲಿ ದೋಷವಿಲ್ಲ. ಆಮೇಲೆ ಫ್ಯೂಸಿನ ಡಬ್ಬಿ. ಈಗಿನ ಕಾರುಗಳ ಚಪ್ಪಟೆಯ ಫ್ಯೂಸುಗಳಿಗೆ ಬಣ್ಣವೇ ಭಾಷೆ: ಕೆಂಪು 10 ಆಂಪಿಯರು, ನೀಲಿ 15, ಹಳದಿ 20, ಹಸುರು 30. ಹಲಗೆಯ ದೀಪ, ಹಿಂದಿನ ಕೆಂಪು ದೀಪ, ನಂಬರು ಹಲಗೆಯ ದೀಪ ಎಲ್ಲವೂ ಸೇರಿದರೂ ಎಳೆಯುವುದು ಸುಮಾರು 3 ಆಂಪಿಯರು. ಅದನ್ನು ಕಾಯಲು 10ರ ಕೆಂಪು ಫ್ಯೂಸು ಧಾರಾಳವಾಗಿ ಸಾಕು. ಅಂಥ ಫ್ಯೂಸು ಸುಟ್ಟಿದ್ದರೆ, ವಿದ್ಯುತ್ತು ದೀಪಗಳವರೆಗೆ ಹೋಗದೆ ನಡುವೆಯೇ ಎಲ್ಲೋ ಕಾರಿನ ಲೋಹವನ್ನು ಮುಟ್ಟಿ ಅಡ್ಡದಾರಿಯಲ್ಲಿ ನುಗ್ಗಿದೆಯೆಂದು ಅರ್ಥ. ಫ್ಯೂಸಿನ ಎಳೆ ಉದ್ದೇಶಪೂರ್ವಕವಾಗಿ ದುರ್ಬಲವಾದುದು. ಉಳಿದ ತಂತಿ ಸುಡುವುದಕ್ಕೆ ಮುಂಚೆ ತಾನು ಸುಟ್ಟುಕೊಳ್ಳಲೆಂದೇ ಅದನ್ನು ಅಲ್ಲಿ ಇಟ್ಟಿದ್ದಾರೆ. ಆ ಜಾಗದಲ್ಲಿ ಬೆಳ್ಳಿಯ ಕಾಗದವನ್ನಾಗಲಿ ದಪ್ಪ ತಂತಿಯನ್ನಾಗಲಿ ಇಡುವುದು, ಬೊಗಳಿದ ನಾಯಿಯನ್ನು ಕೊಂದು ಬಾಗಿಲನ್ನು ತೆರೆದಿಟ್ಟಂತೆ. ಆಗ ಹಲಗೆಯ ಹಿಂದಿನ ಇಡೀ ತಂತಿಯೇ ಫ್ಯೂಸಾಗುತ್ತದೆ.

ಅಡ್ಡದಾರಿಯನ್ನು ಹುಡುಕಲು ಮೇಸ್ತ್ರಿ ಬಳಸಿದುದು ಒಂದು ಸಣ್ಣ ಬಲ್ಬು, ಅದಕ್ಕೆ ಕಟ್ಟಿದ ಎರಡು ತುಂಡು ತಂತಿ. ಆ ಸಾಲಿನ ಬಲ್ಬುಗಳನ್ನೆಲ್ಲ ಅವರು ಬಿಚ್ಚಿರಿಸಿದರು. ಮುಳ್ಳುಗಳ ಪೆಟ್ಟಿಗೆಯ ತಂತಿಗಳನ್ನೂ ಕಳಚಿದರು. ಫ್ಯೂಸಿನ ಎರಡು ಹಲ್ಲುಗಳ ಜಾಗದಲ್ಲಿ ತಮ್ಮ ಬಲ್ಬಿನ ಎರಡು ತುದಿಗಳನ್ನು ಸಿಕ್ಕಿಸಿ, ದೀಪದ ಗುಂಡಿಯನ್ನು ಒತ್ತಿದರು. ಎಲ್ಲ ಬಲ್ಬುಗಳನ್ನು ಬಿಚ್ಚಿದ ಮೇಲೆ ವಿದ್ಯುತ್ತಿಗೆ ಹೋಗಲು ದಾರಿಯೇ ಇಲ್ಲ. ಆದುದರಿಂದ ಆ ಬಲ್ಬು ಉರಿಯಕೂಡದು. ಉರಿದರೆ ಅಡ್ಡದಾರಿ ತೆರೆದಿದೆಯೆಂದು ತಿಳಿಯಬೇಕು. ಬಲ್ಬು ಉರಿಯಲಿಲ್ಲ. ಮೇಸ್ತ್ರಿ ಅವಸರಪಡದೆ ಹಲಗೆಯ ಹಿಂದೆ ಕೈ ಹಾಕಿ ತಂತಿಯ ಕಂತೆಯನ್ನು ಗೇಣು ಗೇಣಾಗಿ ಅಲುಗಿಸುತ್ತ ಬಂದರು. ಊರಿನ ಹೆಸರನ್ನು ಸಾರ್ಥಕಗೊಳಿಸುವಂತೆ, ತಂತಿಗಳು ಅಲ್ಲಿ ಒಂದಕ್ಕೊಂದು ತಳುಕು ಹಾಕಿಕೊಂಡಿದ್ದವು. ಕೈ ರೇಡಿಯೋದ ಹಿಂಬದಿಗೆ ಬಂದಾಗ ಬಲ್ಬು ಒಮ್ಮೆ ಮಿನುಗಿತು, ಬಿಟ್ಟರೆ ಆರಿತು, ಮತ್ತೆ ಒತ್ತಿದರೆ ಮತ್ತೆ ಮಿನುಗಿತು.

ರೇಡಿಯೋವನ್ನು ಹೊರಗೆಳೆದಾಗ ಎಲ್ಲವೂ ಕಂಡಿತು. ಬಿಸಿಲಿಗೆ ಟೇಪಿನ ಅಂಟು ಕರಗಿ ಸುತ್ತು ಬಿಚ್ಚಿಕೊಂಡಿದ್ದಿತು. ಬರಿಮೈಯಾದ ತಾಮ್ರದ ಗಂಟು ಪಕ್ಕದ ಕಬ್ಬಿಣದ ಪಟ್ಟಿಯನ್ನು ಕುಲುಕಿದಾಗಲೆಲ್ಲ ಮುಟ್ಟುತ್ತಿದ್ದಿತು. ಅದರ ಸುತ್ತಣ ನಾಲ್ಕು ತಂತಿಗಳ ಹೊದಿಕೆ ಕಪ್ಪಾಗಿ, ಕರಗಿ, ಒಂದಕ್ಕೊಂದು ಅಂಟಿದ್ದಿತು. ಉಪಾಧ್ಯಾಯರು ಅದನ್ನು ಬಹಳ ಹೊತ್ತು ನೋಡಿದರು. ಮೇಸ್ತ್ರಿ ಸುಟ್ಟ ಭಾಗವನ್ನು ಕತ್ತರಿಸಿ, ಹೊಸ ತಂತಿಯನ್ನು ಬೆಸೆದು, ಪ್ರತಿಯೊಂದು ಗಂಟಿಗೂ ಬೇರೆ ಬೇರೆ ಹೊದಿಕೆ ತೊಡಿಸಿ, ಬಲ್ಬುಗಳನ್ನು ಮರಳಿ ಕೂರಿಸಿ, ಹೊಸ ಕೆಂಪು ಫ್ಯೂಸು ಹಾಕಿದರು. ದೀಪಗಳು ಹೊತ್ತಿದವು. ಅಲ್ಲಿಗೆ ಕೆಲಸ ಮುಗಿಯಿತೆಂದು ಉಪಾಧ್ಯಾಯರು ಹಣ ತೆಗೆಯಹೋದರು.

"ಇರಿ ಮೇಷ್ಟ್ರೇ. ಇದು ಆಮೇಲೆ ಬಂದ ರೋಗ. ಮೊದಲಿಂದು ಇನ್ನೂ ಹಂಗೇ ಐತೆ. ಹಳೇ ರೇಡಿಯೋ ಯಾಕೆ ಕೀಳಿಸಿದ್ರಿ?"

ಬೀಸಣಿಗೆಯ ಕಥೆಯನ್ನು ಕೇಳಿದ ಮೇಲೆ ಮೇಸ್ತ್ರಿಯ ಮುಖದಲ್ಲಿ ಮೊದಲ ಬಾರಿಗೆ ಆಸಕ್ತಿ ಕಂಡಿತು. ಒಂದನ್ನು ತಿರುಗಿಸಿದರೆ ಇನ್ನೊಂದು ನಿಲ್ಲುತ್ತದೆ, ಮೂರನೆಯದು ಸುಳ್ಳು ಹೇಳುತ್ತದೆ. ಮೂರು ಉಪಕರಣಗಳು ಒಟ್ಟಿಗೆ ಕೆಡುವುದು ಅಪರೂಪ. ಮೂರಕ್ಕೂ ಸಾಮಾನ್ಯವಾದುದು ಯಾವುದೋ ಅದನ್ನೇ ಶಂಕಿಸಬೇಕು.

ಮೋಟಾರು ಗಾಡಿಯ ವಿದ್ಯುತ್ತಿನ ಏರ್ಪಾಡು ಅರ್ಧ ಕಾಣುವಂಥದು, ಅರ್ಧ ಕಾಣದಂಥದು. ಬಹುಕಾಲ ಗಾಡಿಗಳ ದೀಪಗಳು ಸೀಮೆಯೆಣ್ಣೆಯಿಂದಲೂ ಅಸಿಟಿಲೀನ್ ಅನಿಲದಿಂದಲೂ ಉರಿಯುತ್ತಿದ್ದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳನ್ನು ಮುಟ್ಟಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ಮೇಲೆ, 1912ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರು ವಿದ್ಯುತ್ತಿನಿಂದಲೇ ಹೊರಡುವ ಎಂಜಿನನ್ನೂ ವಿದ್ಯುದ್ದೀಪಗಳನ್ನೂ ಒಟ್ಟಿಗೆ ಪಡೆದು ಬಂದಿತು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣದ ತುದಿಯನ್ನು ಕಾರಿನ ಲೋಹದ ಮೈಗೇ ಕಟ್ಟಿರುತ್ತಾರೆ. ಪ್ರತಿಯೊಂದು ಉಪಕರಣಕ್ಕೂ ವಿದ್ಯುತ್ತನ್ನು ತರುವ ತಂತಿಯಿದೆ. ಮರಳಿ ಒಯ್ಯುವುದು ಕಾರಿನ ಮೈಯೇ. ಹಲಗೆಯ ಉಪಕರಣಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿರುವುದರಿಂದ ಅವು ತಾವಾಗಿ ಲೋಹವನ್ನು ಮುಟ್ಟಲಾರವು. ಆದುದರಿಂದ ಅವುಗಳ ಕಪ್ಪು ತಂತಿಗಳನ್ನೆಲ್ಲ ಒಟ್ಟುಗೂಡಿಸಿ, ಹಲಗೆಯ ಹಿಂದೆ ಒಂದು ಬೋಲ್ಟಿನಿಂದ ಮೈಗೆ ಬಿಗಿಯುತ್ತಾರೆ. ಕಸಬುದಾರರು ಇದನ್ನು ಅರ್ತ್ ಎನ್ನುತ್ತಾರೆ. ತರುವ ತಂತಿಗಳಿಗೆ ಬಣ್ಣವಿದೆ, ಫ್ಯೂಸಿದೆ, ಗುಂಡಿಯಿದೆ. ಎಲ್ಲರ ದೃಷ್ಟಿಯೂ ಅವುಗಳ ಮೇಲೆಯೇ. ಮರಳುವ ದಾರಿಗೆ ಫ್ಯೂಸೂ ಇಲ್ಲ, ಗುಂಡಿಯೂ ಇಲ್ಲ; ಅದನ್ನು ನೆನೆಯುವವರೂ ಕಡಮೆ.

ಮೇಸ್ತ್ರಿ ಎಂಜಿನನ್ನು ಓಡಿಸಿ, ಬೀಸಣಿಗೆಯನ್ನು ಪೂರ್ಣ ತಿರುಗಿಸಿ, ಮೀಟರಿನ ಒಂದು ಕಡ್ಡಿಯನ್ನು ಕಪ್ಪು ತಂತಿಗಳ ಗಂಟಿಗೂ ಇನ್ನೊಂದನ್ನು ಬ್ಯಾಟರಿಯ ಋಣದ ತುದಿಗೂ ಹಿಡಿದರು. ದಾರಿ ಸರಿಯಾಗಿದ್ದರೆ ಆ ಎರಡರ ನಡುವೆ 0.2 ವೋಲ್ಟು ಕೂಡ ಕಾಣಕೂಡದು. ಮೀಟರು 4 ತೋರಿಸಿತು. ಹದಿನಾಲ್ಕರಲ್ಲಿ ನಾಲ್ಕು ಆ ಬೋಲ್ಟಿನಲ್ಲಿಯೇ ಕಳೆದುಹೋಗುತ್ತಿದ್ದಿತು. ಉಳಿದ ಹತ್ತರಲ್ಲಿ ರೇಡಿಯೋ ಹಾಡಲಾರದು. ಬೀಸಣಿಗೆ ಎಳೆಯುತ್ತಿದ್ದುದು 8 ಆಂಪಿಯರು. ಉಪಾಧ್ಯಾಯರು ಅಪ್ರಯತ್ನವಾಗಿ ಮನಸ್ಸಿನಲ್ಲಿಯೇ ಭಾಗಿಸಿದರು: ಅರ್ಧ ಓಮ್. ಮುಂಗಾಜಿನ ರಬ್ಬರಿನ ಸಂದಿನಿಂದ ಹಿಂದಿನ ಮಳೆಗಾಲದಲ್ಲಿ ಇಳಿದ ನೀರು, ಅದರ ಮೇಲೆ ಕುಳಿತ ಕೆಮ್ಮಣ್ಣು, ಎರಡೂ ಸೇರಿ ಬೋಲ್ಟಿನ ಕೆಳಗೆ ಬೆಳೆಸಿದ್ದ ಬೆರಳುಗುರಿನಷ್ಟು ತುಕ್ಕಿನ ಬೆಲೆ ಅದು.

ಜರ್ಮನಿಯ ಓಮ್ ಎಂಬವನು ಈ ನಿಯಮವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅವನೂ ಶಾಲೆಯ ಉಪಾಧ್ಯಾಯನಾಗಿದ್ದವನೇ. ತಳಕಿನ ಉಪಾಧ್ಯಾಯರು ಆ ನಿಯಮವನ್ನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದರು. ಬ್ಯಾಟರಿ, ಬಲ್ಬು, ಎರಡು ಗೆರೆಗಳನ್ನು ಎಳೆದು, ಮಂಡಲವು ಮುಚ್ಚಿಕೊಂಡರೆ ಮಾತ್ರ ದೀಪ ಉರಿಯುವುದೆಂದು ಪ್ರತಿ ವರ್ಷವೂ ಹೇಳಿದ್ದರು. ಹೋಗುವ ಗೆರೆಯೆಷ್ಟು ಮುಖ್ಯವೋ ಬರುವ ಗೆರೆಯೂ ಅಷ್ಟೇ ಮುಖ್ಯವೆಂದು, ತಪ್ಪು ಬರೆದ ಹುಡುಗರ ಅಂಕಗಳನ್ನು ಕಳೆದಿದ್ದರು. ಕಪ್ಪು ಹಲಗೆಯ ಮೇಲೆ ಕಂಡುದು ಕಾರಿನ ಹಲಗೆಯಲ್ಲಿ ಅವರಿಗೆ ಕಾಣದೆ ಹೋಯಿತು. ಪುಸ್ತಕದ ದೀಪಕ್ಕೂ ಮನೆಯ ಬಾಗಿಲಲ್ಲಿ ನಿಂತ ಕಾರಿನ ದೀಪಕ್ಕೂ ನಿಯಮ ಒಂದೇ ಎಂಬ ಮಾತನ್ನು ಬುದ್ಧಿ ಒಪ್ಪುತ್ತದೆ, ಅಭ್ಯಾಸ ಒಪ್ಪುವುದಿಲ್ಲ.

ಮೇಸ್ತ್ರಿಗೆ ಓಮನ ಹೆಸರು ತಿಳಿಯದು. ಅವರು ಬೋಲ್ಟನ್ನು ಬಿಚ್ಚಿ, ಲೋಹವನ್ನು ಉಪ್ಪುಕಾಗದದಿಂದ ಬಿಳಿಯಾಗುವವರೆಗೆ ಉಜ್ಜಿ, ತಂತಿಗಳ ತುದಿಗಳನ್ನು ಒಂದೊಂದಾಗಿ ಕೆರೆದು, ಬಿಗಿದು, ಮೇಲೆ ಗ್ರೀಸು ಸವರಿದರು. ಕೆಲಸ ಮಾಡುತ್ತಲೇ ಜಗುಲಿಯ ಕಡೆಗೆ ತಿರುಗಿ, ನೋಡುತ್ತಿದ್ದವರಿಗೆ ತಿಳಿಯಲೆಂದು ಹೇಳಿದರು.

"ಹೋಗಾಕೆ ಒಂದು ದಾರಿ ತಾಯಿ, ಬರಾಕೆ ಒಂದು ದಾರಿ. ಎಲ್ರೂ ಹೋಗಾ ದಾರೀನೇ ನೋಡ್ತಾರೆ. ಬರಾ ದಾರಿ ಕಟ್ಟಿಕೊಂಡ್ರೆ ಎಷ್ಟು ಹೊಸದು ತಂದು ಹಾಕಿದ್ರೂ ಅಷ್ಟೇಯ."

ಆಕೆ ತಮ್ಮ ಎಡಗೈಯನ್ನು, ವಾರಕ್ಕೆರಡು ಬಾರಿ ಸೂಜಿಗಳು ಹೋಗಿ ಹೋಗಿ ಉಬ್ಬಿದ್ದ ನರವನ್ನು, ಒಮ್ಮೆ ನೋಡಿಕೊಂಡರು.

"ನನ್ನ ಮಿಷನ್ನಿಗೂ ಹಾಗೇನೇ ಅಪ್ಪಾ, ಎರಡು ನಳಿಗೆ. ಬರೋ ನಳಿಗೆ ಮಡಚಿಕೊಂಡರೆ ಅದು ಕೂಗುತ್ತೆ. ನರ್ಸಮ್ಮ ಓಡಿ ಬರ್ತಾಳೆ."

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದಕ್ಕೆ ಕೂಗಾಕೆ ಬರಲ್ಲ ತಾಯಿ. ಹಾಡು ನಿಲ್ಲಿಸ್ತು ಅಷ್ಟೇ" ಎಂದರು.

ಬೀಸಣಿಗೆ ಪೂರ್ಣವಾಗಿ ತಿರುಗುತ್ತಿದ್ದಾಗ ಮೀಟರು ಈಗ 0.1ರ ಬಳಿ ನಿಂತಿತು. ಪೆಟ್ರೋಲಿನ ಮುಳ್ಳು ಅಲುಗಲಿಲ್ಲ, ಅರ್ಧವೆಂದರೆ ಅರ್ಧವೇ. ಕಪಾಟಿನಲ್ಲಿಟ್ಟಿದ್ದ ಹಳೆಯ ರೇಡಿಯೋವನ್ನು ತಂದು ಜೋಡಿಸಿದರೆ ಅದು ಕೂಡಲೆ ಹಾಡಿತು. ಅದು ಕೆಟ್ಟೇ ಇರಲಿಲ್ಲ. ಅದರ ತಿರುಗಣಿ ತಮ್ಮ ಬೆರಳಿಗೆ ಗೊತ್ತು, ಅದೇ ಇರಲಿ ಎಂದು ಪತ್ನಿ ಹೇಳಿದರು. ಹೊಸದು ಕಪಾಟು ಸೇರಿತು. ಮೇಸ್ತ್ರಿ ಕೇಳಿದ ಕೂಲಿ ಹೊಸ ರೇಡಿಯೋದ ಬೆಲೆಯ ಹತ್ತರಲ್ಲೊಂದು ಪಾಲೂ ಆಗಿರಲಿಲ್ಲ. ಹೋಗುವ ಮುನ್ನ ಅವರು ಎರಡು ಕೆಂಪು ಫ್ಯೂಸುಗಳನ್ನು ಡಬ್ಬಿಯ ಮುಚ್ಚಳದೊಳಗೆ ಸಿಕ್ಕಿಸಿ, "ಇದು ಮತ್ತೆ ಸುಟ್ರೆ ಇನ್ನೊಂದು ಹಾಕಿ, ಅದೂ ಸುಟ್ರೆ ಹಾಕಬ್ಯಾಡಿ, ನನ್ನ ಕರೀರಿ" ಎಂದು ಹೇಳಿದರು.

ಮುಂದಿನ ಮರುಪ್ರಯಾಣದಲ್ಲಿ ಬೀಸಣಿಗೆಯೂ ತಿರುಗಿತು, ರೇಡಿಯೋವೂ ಹಾಡಿತು. ಹಲಗೆಯ ಸಣ್ಣ ದೀಪಗಳು ಮುಳ್ಳುಗಳ ಹಿಂದೆ ಮಂದವಾಗಿ ಉರಿಯುತ್ತಿದ್ದವು. ಚಳ್ಳಕೆರೆಯನ್ನು ದಾಟಿದ ಮೇಲೆ ಪತ್ನಿ ಎರಡು ಮೂರು ಮಾತನಾಡಿದರು: ಅಂಗಳದ ಕರಿಬೇವಿನ ಗಿಡಕ್ಕೆ ನೀರು ಹಾಕಿದ್ದುದಾಯಿತೆ, ಮಗಳು ಫೋನು ಮಾಡಿದ್ದಳೆ ಎಂದು. ಉಪಾಧ್ಯಾಯರು ಉತ್ತರ ಕೊಡುತ್ತ, ನಡುನಡುವೆ ಆ ಸಣ್ಣ ದೀಪಗಳ ಕಡೆಗೆ ನೋಡುತ್ತಿದ್ದರು. ಅವು ಉರಿಯುತ್ತಿರುವವರೆಗೆ ಫ್ಯೂಸು ಕಾಯುತ್ತಿದೆಯೆಂದು ಅವರಿಗೆ ತಿಳಿಯುತ್ತಿದ್ದಿತು. ಹಿಂದಿನ ಬಲ್ಬುಗಳ ಮಾತು ಬೇರೆ. ಅವನ್ನು ಇಳಿದೇ ನೋಡಬೇಕು.

ಅಂದಿನಿಂದ ಅವರಿಗೆ ಒಂದು ಅಭ್ಯಾಸವಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಪತ್ನಿಯನ್ನು ಹಿಂದಿನ ಆಸನದಲ್ಲಿ ಕೂರಿಸಿ, ದೀಪದ ಗುಂಡಿಯನ್ನು ಒತ್ತಿ, ಕೂಡಲೆ ಹೊರಡದೆ, ಇಳಿದು ಕಾರಿನ ಹಿಂದಕ್ಕೆ ಹೋಗಿ ಒಂದು ಗಳಿಗೆ ನಿಲ್ಲುತ್ತಾರೆ. ಬೇರೆ ವಾಹನಗಳವರು ದಾರಿ ಬಿಡಿರೆಂದು ಅವಸರಪಡಿಸಿದರೂ ಆ ಗಳಿಗೆಯನ್ನು ಅವರು ಬಿಟ್ಟುಕೊಡುವುದಿಲ್ಲ. ಮರಳಿ ಬಂದು ಕುಳಿತಾಗ ಪತ್ನಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ:

"ಉರೀತಿದೆಯಾ?"

"ಎರಡೂ ಉರೀತಿವೆ."

ಆಮೇಲೆ ಆಕೆ ಕೈಚಾಚಿ ರೇಡಿಯೋದ ತಿರುಗಣಿಯನ್ನು ತಿರುಗಿಸುತ್ತಾರೆ.